ಅಣ್ಣನ ಬೀರು ಕೀ ಕೋರ್ಟು ಕೊಡಲ್ಲ

ಪಾಲಿನ ಕೇಸು ಹಾಕೋಕೆ ಮದ್ದೂರು, ಮಳವಳ್ಳಿ, ಕೆ.ಆರ್.ಪೇಟೆ ಕಡೆಯಿಂದ ವಕೀಲನಾದ ನನ್ನ ಹತ್ರ ಬರೋರು ಸುಮಾರಾಗಿ ಎಲ್ರೂ ಹೇಳೋ ಮಾತು ಒಂದೇ, "ಸಾರ್, ನಮ್ಮಣ್ಣನ ಪಾಸ್‌ಬುಕ್ಕು, ಇನ್ಕಮ್ ಟ್ಯಾಕ್ಸು, ಕಬ್ಬಿನ ಬಿಲ್ಲು, ಅತ್ತಿಗೆ ಲಾಕರ್ದು, ಎಲ್ಲಾನೂ ಕೋರ್ಟಿಗೆ ತರಿಸ್ಬುಡಿ, ಬಣ್ಣ ಬಯಲಾಗ್ಲಿ." ಕೆಲವು ತರಿಸ್ಬೋದು. ಎಲ್ಲಾನೂ ಆಗಲ್ಲ.

ಸಿಪಿಸಿ, ಅಂದ್ರೆ ಸಿವಿಲ್ ಕೇಸು ನಡೆಸೋ ವಿಧಾನದ ಕಾಯ್ದೆ, ಅದರ ಆರ್ಡರ್ 11 ರೂಲ್ 14 ಪ್ರಕಾರ ಎದುರಾಳಿ ಹತ್ರ ಇರೋ ಇಲ್ಲಾ ಅವ್ರ ಹಿಡಿತದಲ್ಲಿರೋ ದಾಖಲೆನ ಹಾಜರುಪಡಿಸೋಕೆ ಕೋರ್ಟು ಹೇಳ್ಬೋದು, ಆದ್ರೆ ಅದು ದಾವೆಲಿ ತೀರ್ಮಾನ ಆಗ್ಬೇಕಾದ ವಿಷಯಕ್ಕೆ ಸಂಬಂಧಪಟ್ಟಿರ್ಬೇಕು. ಅಂದ್ರೆ ಯಾವ ದಾಖಲೆ, ಅವ್ರ ಹತ್ರಾನೇ ಇದೆ ಅನ್ನೋಕೆ ಏನು ಆಧಾರ, ಅದ್ರಿಂದ ಯಾವ ಇಶ್ಯೂ (ಕೋರ್ಟು ತೀರ್ಮಾನಿಸ್ಬೇಕಾದ ವಿವಾದದ ಅಂಶ) ಸಾಬೀತಾಗುತ್ತೆ, ಇಷ್ಟು ಅರ್ಜಿಲಿ ಇರ್ಬೇಕು. "1990ರಿಂದ ಇಲ್ಲೀವರೆಗಿನ ಸಮಸ್ತ ದಾಖಲೆ" ಅಂತ ಬರೆದ್ರೆ ಎದುರು ವಕೀಲರು "ಇವ್ರಿಗೆ ಕೇಸೇ ಇಲ್ಲ, ನಮ್ಮ ಕಾಗದದಲ್ಲಿ ಕೇಸು ಹುಡುಕ್ತಾವ್ರೆ" ಅಂತಾರೆ, ಅರ್ಜಿ ವಜಾ.

ಕಬ್ಬಿನ ಬಿಲ್ಲಿನ ವಿಷ್ಯ ನಮ್ಮ ಕಡೆ ಜಾಸ್ತಿ ಬರುತ್ತೆ ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಅಣ್ಣ ಇಪ್ಪತ್ತು ವರ್ಷ ಯಜಮಾನಿಕೆ ಮಾಡವ್ನೆ, ನಾಲೆ ಕೆಳಗಿನ ಗದ್ದೆ, ಫ್ಯಾಕ್ಟರಿಯಿಂದ ದುಡ್ಡು ಬಂದಿದೆ, ಅಷ್ಟಕ್ಕೂ ಲೆಕ್ಕ ಕೊಡ್ಲಿ ಅನ್ನೋದು ತಂಗಿ ಮನಸ್ಸಿಗೆ ನ್ಯಾಯವೇ. ಆದ್ರೆ ಹಿಂದೂ ಕುಟುಂಬದ ಕರ್ತ, ಅಂದ್ರೆ ಯಜಮಾನ, ಹಳೇ ಖರ್ಚುವೆಚ್ಚಕ್ಕೆಲ್ಲ ಸಾಮಾನ್ಯವಾಗಿ ಲೆಕ್ಕ ಕೊಡ್ಬೇಕಾಗಿಲ್ಲ, ಪಾಲಾಗೋ ಹೊತ್ತಿಗೆ ಏನಿದೆಯೋ ಅದ್ರಲ್ಲಿ ಪಾಲು. ಮೋಸ, ದುರುಪಯೋಗ ಆಗಿದೆ ಅಂತ ವಾದಪತ್ರದಲ್ಲೇ ಸ್ಪಷ್ಟವಾಗಿ ಹೇಳಿ ತೋರಿಸಿದ್ರೆ ಬೇರೆ ಮಾತು. ದಾವೆ ಹಾಕಿದ್ಮೇಲಿನ ಆದಾಯದ ಲೆಕ್ಕ ಕೇಳೋಕೆ ಹಾದಿ ಇದೆ, ಅದು ಬಹುತೇಕ ಫೈನಲ್ ಡಿಕ್ರಿ ಹಂತದಲ್ಲಿ, ಅಂದ್ರೆ ಯಾರಿಗೆಷ್ಟು ಪಾಲು ಅಂತ ತೀರ್ಮಾನ ಆಗಿ ಆಸ್ತಿ ಬೇರೆ ಮಾಡೋ ಹೊತ್ತಲ್ಲಿ ಬರುತ್ತೆ, ಹಾಗಾಗಿ ಶುರುವಿನಲ್ಲೇ ಹಳೇ ಬಿಲ್ಲಿಗೆ ಜಗಳ ಆಡಿದ್ರೆ ಟೈಮು ಹೋಗೋದು ನಿಮ್ದೇ.

ಹೆಣ್ಮಕ್ಕಳ ಕೇಸಲ್ಲಿ ನಿಜವಾಗ್ಲೂ ತೂಕ ಇರೋ ಕಾಗದ ಬೇರೇನೇ. ಅಣ್ಣ "1998ರಲ್ಲೇ ಪಾಲು ಪಾರೀಕತ್ತು (ವಿಭಾಗಪತ್ರ) ಆಗೋಗಿದೆ" ಅಂತ ದಾವೆಗೆ ಉತ್ತರವಾಗಿ ಕೊಡೋ ಲಿಖಿತ ಹೇಳಿಕೆಲಿ ಬರೀತಾನೆ. ಸರಿ, ತೋರಿಸಪ್ಪ ಅನ್ನಿ. ಪ್ಲೀಡಿಂಗ್‌ನಲ್ಲಿ (ವಾದಪತ್ರ, ಲಿಖಿತ ಹೇಳಿಕೆ) ಹೆಸರಿಸಿದ ದಾಖಲೆನ ನೋಡೋಕೆ ಅದೇ ಆರ್ಡರ್ 11ರ ರೂಲ್ 15ರಲ್ಲಿ ನೋಟಿಸ್ ಕೊಡ್ಬೋದು, ತೋರಿಸ್ದೇ ಇದ್ರೆ ಸಕಾರಣ ಕೊಡ್ದೆ ಆಮೇಲೆ ಅದನ್ನ ತನ್ನ ಪರ ಸಾಕ್ಷ್ಯವಾಗಿ ಇಡಂಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಹೆಣ್ಮಕ್ಕಳ ಹಕ್ಕು ತಪ್ಪಿಸ್ಬೇಕಂದ್ರೆ ಪಾಲು 2004ರ ಡಿಸೆಂಬರ್ 20ಕ್ಕೆ ಮುಂಚೆನೇ ರಿಜಿಸ್ಟರ್ ಪತ್ರದ ಮೂಲಕ ಇಲ್ಲಾ ಕೋರ್ಟು ಡಿಕ್ರಿ ಮೂಲಕ ಆಗಿರ್ಬೇಕು, ಬಾಯಿಮಾತಿನ ಪಾಲನ್ನ ಸುಲಭಕ್ಕೆ ಒಪ್ಪಂಗಿಲ್ಲ ಅಂತ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮ ತೀರ್ಪೂ ಇದೆ. ಈ ಒಂದು ಕಾಗದ ಹಿಡಿದು ಕೂರೋದು ಬಿಟ್ಟು ಅತ್ತಿಗೆ ಲಾಕರ್ ಹಿಂದೆ ಯಾಕೆ ಬೀಳ್ತಾರೋ ನಂಗೊತ್ತಿಲ್ಲ.

ಇನ್ನು ಅರ್ಧಕ್ಕರ್ಧ ದಾಖಲೆಗೆ ಅರ್ಜಿನೇ ಬೇಡ. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ನಕಲು ಸರ್ಕಾರದ ಭೂಮಿ ಆನ್‌ಲೈನ್ ವ್ಯವಸ್ಥೆಲಿ ಸಿಗುತ್ತೆ, ಇಸಿ (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿಲಿ. ಕ್ರಯಪತ್ರ, ವಿಭಾಗಪತ್ರದ ಸರ್ಟಿಫೈಡ್ ಕಾಪಿನ ಯಾರು ಬೇಕಾದ್ರೂ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಫೀಸು ಕಟ್ಟಿ ತಗೋಬೋದು. ನೀವೇ ತರ್ಬೋದಾದ್ದನ್ನ ಎದುರಿನವ್ರ ಕೈಲಿ ತರಿಸಿ ಅಂದ್ರೆ ಜಡ್ಜ್ ಮುಖ ಸಿಂಡರಿಸ್ತಾರೆ. ರಿಜಿಸ್ಟರ್ ಆದ ಉಯಿಲು ಮಾತ್ರ ಬೇರೆ, ಅಪ್ಪ ಬದುಕಿರೋವರೆಗೆ ಅವ್ರಿಗೆ ಇಲ್ಲಾ ಅವ್ರ ಏಜೆಂಟ್‌ಗೆ ಬಿಟ್ಟು ಕಾಪಿ ಕೊಡಲ್ಲ, ತೀರಿಕೊಂಡ ಮೇಲೆ ಯಾರು ಕೇಳಿದ್ರೂ ಕೊಡ್ತಾರೆ.

ಬ್ಯಾಂಕು ಕೇಸಲ್ಲಿ ಪಾರ್ಟಿ ಅಲ್ಲ, ಅಲ್ಲಿಂದ ತರಿಸೋಕೆ ಸಿಪಿಸಿ ಆರ್ಡರ್ 16ರ ಸಮನ್ಸ್ ಬೇಕು, ಅಕೌಂಟು ಯಾವ್ದು, ಯಾವ ವರ್ಷದ್ದು ಅಂತ ಹೇಳ್ಬೇಕು. ಇನ್ಕಮ್ ಟ್ಯಾಕ್ಸ್ ರಿಟರ್ನ್ಸ್‌ನ ಆರ್‌ಟಿಐಲಿ ಕೇಳ್ತೀನಿ ಅಂತ ಹೋಗ್ಬೇಡಿ, ಅದು ವೈಯಕ್ತಿಕ ಮಾಹಿತಿ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಅಣ್ಣ ಅವ್ರ ವಕೀಲರ ಜೊತೆ ಮಾಡಿರೋ ಪತ್ರ ವ್ಯವಹಾರ ಅಂತೂ ಕೇಳೋ ಮಾತೇ ಇಲ್ಲ.

ಮೈಸೂರಲ್ಲಿ ಅಣ್ಣನ ಹೆಸ್ರಲ್ಲಿ ಸೈಟು ಇದೆ, ಊರ ಗದ್ದೆ ದುಡ್ಡಲ್ಲೇ ತಗೊಂಡಿದ್ದು ಅನ್ನೋ ಕೇಸಲ್ಲಿ ನಾನು ಮಾಡೋದು ಹಿಂಗೆ. ಕುಟುಂಬ ಒಟ್ಟಿಗಿತ್ತು ಅಂದ ಮಾತ್ರಕ್ಕೆ ಸೈಟು ಒಟ್ಟು ಆಸ್ತಿ ಆಗಲ್ಲ, ಕೊಳ್ಳೋವಷ್ಟು ಮಿಗ್ತಾ ಇತ್ತು ಅಂತ ಮೊದ್ಲು ನಾವೇ ತೋರಿಸ್ಬೇಕು. ಅದಕ್ಕೆ ಆ ಕಾಲದ ಪಹಣಿ ಹಾಕಿ, ಪಾಟಿ ಸವಾಲಲ್ಲಿ (ಎದುರಿನವ್ರ ಸಾಕ್ಷಿನ ನಾವು ಪ್ರಶ್ನಿಸೋದು) "ದುಡ್ಡು ಎಲ್ಲಿಂದ ಬಂತು" ಅಂತ ಕೇಳಿ, "ನನ್ನ ಸಂಬಳ, ಬ್ಯಾಂಕಲ್ಲಿತ್ತು" ಅಂತ ಅವ್ನ ಬಾಯಲ್ಲೇ ಬಂದ್ಮೇಲೆ ಆ ಒಂದು ಅಕೌಂಟಿನ, ಕ್ರಯಕ್ಕೆ ಹಿಂದಿನ ಎರಡು ವರ್ಷದ ಸ್ಟೇಟ್‌ಮೆಂಟ್‌ಗೆ ಅರ್ಜಿ ಹಾಕ್ತೀನಿ. ಆಗ ಬೇಡ ಅನ್ನೋಕೆ ಎದುರಿನವ್ರಿಗೆ ಕಷ್ಟ, ಇಟ್ಕೊಂಡೂ ಕೊಡ್ದೇ ಹೋದ್ರೆ ಅದು ಅವ್ರಿಗೇ ವಿರುದ್ಧವಾಗಿತ್ತು ಅಂತ ಕೋರ್ಟು ಊಹೆ ಮಾಡ್ಕೋಬೋದು.