ಟಿಬಿ ಔಷಧಿಗೆ ಬಗ್ಗದಂತಾಗಿದ್ದು ಹೇಗೆ?

1947ರಲ್ಲಿ ಬ್ರಿಟನ್ನಿನ ವೈದ್ಯರು ಕ್ಷಯ ಉಲ್ಬಣಿಸಿದ್ದ 107 ಮಂದಿಯನ್ನು ಎರಡು ಗುಂಪು ಮಾಡಿದರು. 55 ಮಂದಿಗೆ ಹೊಸ ಔಷಧಿ ಸ್ಟ್ರೆಪ್ಟೊಮೈಸಿನ್ ಕೊಟ್ಟರು. ಉಳಿದ 52 ಮಂದಿಗೆ ಆಗಿನ ರೂಢಿಯಂತೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ನಾಲ್ವರು ತೀರಿಕೊಂಡರು, ಎರಡನೆಯದರಲ್ಲಿ 14 ಮಂದಿ. ಕೊನೆಗೂ ಮದ್ದು ಸಿಕ್ಕಿತು ಅನ್ನಿಸಿದ್ದು ಸಹಜವೇ. ಆದರೆ ಚೇತರಿಸಿಕೊಂಡಿದ್ದ ಹಲವರು ಮತ್ತೆ ಕುಸಿದರು. ಪರೀಕ್ಷಿಸಿದ 41 ಮಂದಿಯಲ್ಲಿ 35 ಮಂದಿಯ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತಲೇ ಇರಲಿಲ್ಲ.

ಬ್ಯಾಕ್ಟೀರಿಯಾ ಔಷಧಿಯನ್ನು ನೋಡಿ ನೋಡಿ ಪಳಗುತ್ತವೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಕ್ಷಯದಿಂದ ಶ್ವಾಸಕೋಶದಲ್ಲಾಗುವ ಒಂದೇ ಕುಳಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರಬಹುದು. ಅವು ಒಂದು ಎರಡಾಗುವಾಗ ಜೀನ್ ನಕಲಿನಲ್ಲಿ ಅಪರೂಪಕ್ಕೆ ತಪ್ಪಾಗುತ್ತದೆ. ಐಸೋನಿಯಾಜಿಡ್ ಎಂಬ ಟಿಬಿ ಮಾತ್ರೆಯನ್ನೇ ನೋಡಿ. ಅದು ನೇರವಾಗಿ ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾದ ಒಳಗಿರುವ ಕಿಣ್ವವೇ ಅದನ್ನು ವಿಷ ಮಾಡಿಕೊಳ್ಳಬೇಕು. ಆ ಕಿಣ್ವದ ಜೀನ್ ಕೆಟ್ಟಿದ್ದರೆ ಔಷಧಿ ಒಳಗೆ ಸುಮ್ನೆ ಬಿದ್ದಿರುತ್ತದೆ. ಐಸೋನಿಯಾಜಿಡ್‌ಗೆ ಬಗ್ಗದ ಬ್ಯಾಕ್ಟೀರಿಯಾ ಸುಮಾರು ಹತ್ತು ಲಕ್ಷಕ್ಕೊಂದು, ಔಷಧಿ ಬರುವ ಮೊದಲೇ ಅಲ್ಲಿರುತ್ತದೆ. ಉಳಿದವೆಲ್ಲ ಸತ್ತ ಮೇಲೆ ಅದರ ಸಂತಾನವೇ ಜಾಸ್ತಿಯಾಗುತ್ತದೆ.

ಎರಡು ಔಷಧಿಗೂ ಒಟ್ಟಿಗೆ ಬಗ್ಗದ ಬ್ಯಾಕ್ಟೀರಿಯಾ ಇನ್ನೂ ತೀರಾ ಅಪರೂಪ. ಅದಕ್ಕೇ 1950ರ ಹೊತ್ತಿಗೆ ಸ್ಟ್ರೆಪ್ಟೊಮೈಸಿನ್ ಜೊತೆಗೆ ಪಾಸ್ ಎಂಬ ಔಷಧಿಯನ್ನೂ ಕೊಟ್ಟಾಗ ಬ್ಯಾಕ್ಟೀರಿಯಾದ ಈ ಬಗ್ಗದ ಗುಣ, ಅಂದರೆ ಪ್ರತಿರೋಧ, ಬಹಳ ಇಳಿಯಿತು. 1952ರಲ್ಲಿ ಐಸೋನಿಯಾಜಿಡ್ ಬಂತು, 60ರ ದಶಕದಲ್ಲಿ ರಿಫಾಂಪಿಸಿನ್. ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ಗುಣವಾಗುತ್ತದೆ ಎಂದು ಮದ್ರಾಸಿನ ಅಧ್ಯಯನ 1959ರಲ್ಲಿ ತೋರಿಸಿತು. ಬಡವರಿಗೆ ಅದು ದೊಡ್ಡ ವರ.

ಆದರೆ ತಿಂಗಳುಗಟ್ಟಲೆ ಅಷ್ಟೂ ಮಾತ್ರೆ ತಪ್ಪದೆ ಸಿಗಬೇಕು. ದಾಸ್ತಾನು ಮುಗಿದರೆ, ವೈದ್ಯರು ಅರೆಬರೆ ಚೀಟಿ ಬರೆದರೆ, 1947ರ ಕತೆಯೇ ಮತ್ತೆ. ರೋಗಿ ಮಾತ್ರೆ ಬಿಟ್ಟಿದ್ದೇ ಕಾರಣ ಎಂದು ಬೈಯುವುದು ನನಗೆ ಒಪ್ಪಿಗೆಯಿಲ್ಲ. ಒಂದು ದಿನವೂ ಟಿಬಿ ಔಷಧಿ ಮುಟ್ಟದವರಿಗೂ ಬಗ್ಗದ ಟಿಬಿ ಇನ್ನೊಬ್ಬರ ಕೆಮ್ಮಿನಿಂದಲೇ ಅಂಟುತ್ತದೆ. 2006ರಲ್ಲಿ ದಕ್ಷಿಣ ಆಫ್ರಿಕಾದ ಟುಗೆಲಾ ಫೆರಿಯಿಂದ ವರದಿಯಾದ, ಔಷಧಿಗೆ ಬಗ್ಗದ ಟಿಬಿಯ 53 ರೋಗಿಗಳಲ್ಲಿ 52 ಮಂದಿ ಸತ್ತರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹಿಂದೆ ಟಿಬಿ ಚಿಕಿತ್ಸೆ ಪಡೆದವರೇ ಅಲ್ಲ.

2012ರಲ್ಲಿ ಅಮೆರಿಕ ಒಪ್ಪಿದ ಬೆಡಾಕ್ವಿಲಿನ್ ಎಂಬ ಟಿಬಿ ಔಷಧಿ ಬಹಳ ಜನರನ್ನು ಉಳಿಸಿದೆ. ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಈಗಾಗಲೇ ಕಾಣಿಸಿಕೊಂಡಿವೆ. ರಿಫಾಂಪಿಸಿನ್ ಪ್ರತಿರೋಧವನ್ನು ಬ್ಯಾಕ್ಟೀರಿಯಾದ ಜೀನ್ ಪರೀಕ್ಷಿಸುವ ಸಿಬಿನ್ಯಾಟ್ ಯಂತ್ರ ಎರಡು ಗಂಟೆಯಲ್ಲಿ ಹಿಡಿಯುತ್ತದೆ, ಏಕೆಂದರೆ ಜೀನ್ ತಪ್ಪುಗಳು ಹೆಚ್ಚಾಗಿ ಒಂದೇ ಪುಟ್ಟ ಜಾಗದಲ್ಲಿರುತ್ತವೆ. ಬೆಡಾಕ್ವಿಲಿನ್ ವಿಷಯದಲ್ಲಿ ಅವು ಚದುರಿಕೊಂಡಿವೆ. ಹಾಗಾಗಿ ಅದರ ಪರೀಕ್ಷೆ ಅಷ್ಟು ಸುಲಭವಲ್ಲ.