ಜೀವಕೋಶದ ‘ಚೆಕ್‌ಪಾಯಿಂಟ್’ ಮತ್ತು ಮಾಜಾಳಿಯ ಗೇಟು

ಶಿರಸಿಯಲ್ಲಿ ಈಚೆಗೆ ನೋಡಿದ ವಿಜ್ಞಾನ ಪ್ರದರ್ಶನವೊಂದರ ಭಿತ್ತಿಚಿತ್ರದಲ್ಲಿ ಯೀಸ್ಟ್ ಕೋಶದ ಪಕ್ಕ ಒಂದು ಅಡ್ಡಗಂಬ, ಅದರ ಬಳಿ ಟೋಪಿ ಹಾಕಿದ ಪೇದೆ, ಕೆಳಗೆ ‘ಚೆಕ್‌ಪಾಯಿಂಟ್: ಹಾಳಾದ ಡಿಎನ್‌ಎ ರಿಪೇರಿಯಾಗುವ ತಾಣ’ ಎಂಬ ಬರಹ ಇದ್ದವು. ಒಂದು ಸಾಲಿನಲ್ಲಿ ಎರಡು ತಪ್ಪು: ಚೆಕ್‌ಪಾಯಿಂಟ್ ತಾಣವೂ ಅಲ್ಲ, ರಿಪೇರಿಯೂ ಅಲ್ಲ. ಡಿಎನ್‌ಎ ಹಾಳಾದಾಗ ಕೋಶ ತನ್ನ ವಿಭಜನೆಯನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಅದು. ಮಕ್ಕಳನ್ನು ದೂರುವಂತಿಲ್ಲ, ‘ತಪಾಸಣಾ ಠಾಣೆ’ ಎಂಬ ಅನುವಾದವನ್ನು ಅವರ ಕೈಗಿತ್ತವರು ದೊಡ್ಡವರೇ.

ಕಾರವಾರದಿಂದ ಗೋವಾಕ್ಕೆ ಹೋಗಿಬರುವವರಿಗೆ ‘ಚೆಕ್’ ಎಂದೊಡನೆ ರಾಜ್ಯದ ಗಡಿಯಲ್ಲಿ ವಾಹನ ತಪಾಸಣೆ ನಡೆಯುವ ಮಾಜಾಳಿಯ ಗೇಟು ನೆನಪಾಗುವುದು ಸಹಜ. ಅಲ್ಲಿ ಜಾಗ ನಿಶ್ಚಿತ, ಡಿಕ್ಕಿಯಲ್ಲಿ ಬಾಟಲಿ ಇರಲಿ ಬಿಡಲಿ ವಾಹನ ನಿಧಾನಿಸಲೇಬೇಕು. ಯೀಸ್ಟ್ ಕೋಶದೊಳಗೆ ಅಂಥ ಗೇಟಿಲ್ಲ. ಡಿಎನ್‌ಎಯನ್ನು ಹೊತ್ತ ವರ್ಣತಂತುಗಳು ನೆಟ್ಟಗಿದ್ದರೆ ವಿಭಜನೆ ತನ್ನ ಪಾಡಿಗೆ ನಡೆಯುತ್ತದೆ. ಈ ವ್ಯವಸ್ಥೆಯ ಮುಖ್ಯ ವಂಶವಾಹಿಯಾದ ರಾಡ್9 ಅನ್ನೇ ಕಿತ್ತುಹಾಕಿದರೂ, ಹಾನಿಯಿಲ್ಲದಿರುವಾಗ ಯೀಸ್ಟ್ ಹೆಚ್ಚುಕಡಿಮೆ ಎಂದಿನಂತೆಯೇ ಬೆಳೆಯುತ್ತದೆ.

ಪದದ ಹುಟ್ಟನ್ನು ಕೆದಕಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ‘ಚೆಕ್’ನ ಮೂಲ ಪಾರಸಿಯ ‘ಶಾಹ್’, ಎಂದರೆ ರಾಜ. ಚದುರಂಗದ ಜೊತೆಗೆ ಅರಬ್ಬರ ಮೂಲಕ ಯುರೋಪು ಸೇರಿದ ಆ ಶಬ್ದ ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಗಿ, ಇಂಗ್ಲಿಷಿನಲ್ಲಿ ‘ಚೆಕ್’ ಆಯಿತು. ಮೊದಲಿಗೆ ಅದರ ಅರ್ಥ ರಾಜನಿಗೆ ಬಂದ ಅಪಾಯ. ಅಲ್ಲಿಂದ ತಡೆ, ಅಂಕುಶ. ಪರಿಶೀಲನೆ ಎಂಬ ಅರ್ಥ ಆಮೇಲಿನದು. ನಮ್ಮ ನೆರೆಯ ಮರಾಠಿಯಲ್ಲಿ ಇಂದಿಗೂ ರಾಜನಿಗೆ ಕೊಡುವುದು ‘ಶಹ’ವನ್ನೇ. ಶಹ ಬಿದ್ದಾಗ ಆಟಗಾರ ಎಷ್ಟೇ ಸೊಗಸಾದ ದಾಳಿಯನ್ನು ಹೂಡಿಟ್ಟಿದ್ದರೂ, ರಾಜನನ್ನು ಪಾರುಮಾಡದ ಯಾವ ನಡೆಯನ್ನೂ ನಡೆಸುವಂತಿಲ್ಲ. ಶಹ ತಾನಾಗಿ ರಾಜನನ್ನು ಉಳಿಸುವುದಿಲ್ಲ, ಉಳಿದದ್ದನ್ನೆಲ್ಲ ತಡೆದು ನಿಲ್ಲಿಸುತ್ತದೆ, ಅಷ್ಟೇ. ಜೀವವಿಜ್ಞಾನದ ಚೆಕ್‌ಪಾಯಿಂಟಿನ ತಿರುಳೂ ಇದೇ ಆದ್ದರಿಂದ ‘ತಪಾಸಣೆ’ಗಿಂತ ‘ತಡೆ’ ಎಂಬ ಎರಡಕ್ಷರವೇ ಲೇಸೆಂದು ನನ್ನ ಅಭಿಪ್ರಾಯ.

ತಡೆ ಬೇರೆ, ರಿಪೇರಿ ಬೇರೆ ಎಂಬುದು ನನ್ನ ವಾದವಲ್ಲ, 1988ರಲ್ಲಿ ವಿಜ್ಞಾನಿಗಳಾದ ಟೆಡ್ ವೀನರ್ಟ್ ಮತ್ತು ಲೀ ಹಾರ್ಟ್‌ವೆಲ್ ತೋರಿಸಿಕೊಟ್ಟ ಸಂಗತಿ. ಯೀಸ್ಟ್ ಮೊಗ್ಗೊಡೆದು ಎರಡಾಗುವ ಕೋಶ. ಕ್ಷಕಿರಣ ಬಿದ್ದ ಸಾಮಾನ್ಯ ಯೀಸ್ಟ್ ದೊಡ್ಡ ಮೊಗ್ಗು ಹೊತ್ತು, ಎರಡಾಗದೆ, ನಿಂತುಬಿಡುತ್ತದೆ. ರಾಡ್9 ಕೆಟ್ಟ ಯೀಸ್ಟ್ ಮುರಿದ ವರ್ಣತಂತುಗಳನ್ನು ಎಳೆದುಕೊಂಡೇ ವಿಭಜನೆಗೆ ಇಳಿದು ಸಾಯುತ್ತದೆ. ಅದಕ್ಕೆ ರಿಪೇರಿಯೇ ಬಾರದೆಂದು ಯಾರಿಗಾದರೂ ಅನ್ನಿಸೀತು. ಆದರೆ ವೀನರ್ಟ್ ಮತ್ತು ಹಾರ್ಟ್‌ವೆಲ್ ಎಂಬಿಸಿ ಎಂಬ ರಾಸಾಯನಿಕದಿಂದ ಅಂಥ ಕೋಶಗಳ ವಿಭಜನೆಯನ್ನು ಕೆಲವು ಗಂಟೆ ಬಲವಂತವಾಗಿ ತಡೆದರು (ನಮ್ಮ ಕೃಷಿಕರು ಕಾರ್ಬೆಂಡಜಿಮ್ ಎಂದು ಕರೆಯುವ ಶಿಲೀಂಧ್ರನಾಶಕವೇ ಇದು). ಹಾಗೆ ತಡೆದಾಗ ಬಹಳಷ್ಟು ಕೋಶಗಳು ಬದುಕಿಕೊಂಡವು. ರಿಪೇರಿಯ ಸಲಕರಣೆ ಅವುಗಳಲ್ಲಿ ಇದ್ದೇ ಇತ್ತು. ಇಲ್ಲದ್ದು ನಿಲ್ಲುವ ವಿವೇಕ. ಹಾರ್ಟ್‌ವೆಲ್ ಅವರಿಗೆ 2001ರಲ್ಲಿ ಸಂದ ನೊಬೆಲ್ ಪಾಲಿನ ಹಿಂದೆ ಈ ಚಿಂತನೆಯೂ ಇದೆ.

ಹಾನಿ ತಿಳಿಯುವ ಬಗೆಯನ್ನು ಚುಟುಕಾಗಿ ಹೇಳಬಹುದು. ಮುರಿದ ತುದಿಯಲ್ಲಿ ಡಿಎನ್‌ಎಯ ಒಂದು ಎಳೆ ಸವೆದು ಇನ್ನೊಂದು ಒಂಟಿಯಾಗುತ್ತದೆ. ಅದಕ್ಕೆ ಆರ್‌ಪಿಎ ಎಂಬ ಪ್ರೋಟೀನ್ ಮೆತ್ತಿಕೊಳ್ಳುತ್ತದೆ. ಅದನ್ನು ಗುರುತಿಸಿ ಬರುವ ಮೆಕ್1 ಎಂಬ ಪ್ರೋಟೀನ್, ರಾಡ್9 ವಂಶವಾಹಿಯ ಪ್ರೋಟೀನಿನ ಮೂಲಕ ರಾಡ್53 ಮತ್ತು ಸಿಎಚ್‌ಕೆ1 ಎಂಬ ಇನ್ನೆರಡು ಪ್ರೋಟೀನುಗಳನ್ನು ಎಬ್ಬಿಸುತ್ತದೆ. ಪರಿಣಾಮವಾಗಿ, ವರ್ಣತಂತುಗಳು ಬೇರ್ಪಡದಂತೆ ತಡೆಯುವ ಪಿಡಿಎಸ್1 ಎಂಬ ಪ್ರೋಟೀನ್ ನಾಶವಾಗದೆ ಉಳಿದು, ಜೋಡಿ ವರ್ಣತಂತುಗಳು ಬೇರ್ಪಡುವುದಿಲ್ಲ. ಕೋಶ ಹುಡುಕುವುದು ಗಾಯವನ್ನಲ್ಲ, ಗಾಯದ ಬಳಿ ಬತ್ತಲಾದ ಎಳೆಯನ್ನು ಎಂಬುದನ್ನು ಗಮನಿಸಬೇಕು.

ಚದುರಂಗದ ಹೋಲಿಕೆಯೂ ಒಂದೆಡೆ ಸೋಲುತ್ತದೆಂದು ಒಪ್ಪಿಕೊಳ್ಳಲೇಬೇಕು. ಶಹ ಕಾಯುತ್ತ ಕೂತರೆ ಸಡಿಲವಾಗುವುದಿಲ್ಲ, ಕೋಶದ ತಡೆ ಸಡಿಲವಾಗುತ್ತದೆ. ಒಂದೇ ಒಂದು ಮುರಿತ ಸರಿಯಾಗದೆ ಉಳಿದರೂ ಯೀಸ್ಟ್ ಹಲವು ಗಂಟೆ ಕಾಯುತ್ತದೆ, ಆಮೇಲೆ ಹಾನಿಯನ್ನು ಹೊತ್ತೇ ವಿಭಜನೆಗೆ ಮುಂದಾಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಅಡಾಪ್ಟೇಶನ್’ ಎನ್ನುತ್ತಾರೆ. ಕನ್ನಡದಲ್ಲಿ ‘ಹೊಂದಾಣಿಕೆ’ ಎಂದರೆ ಮುರಿತದೊಡನೆ ರಾಜಿಯಾದಂತೆ ಕೇಳಿಸುವುದರಿಂದ ‘ತಡೆ ಸಡಿಲಿಕೆ’ ಎನ್ನುವುದು ಮೇಲು. ಸಿಡಿಸಿ5 ಎಂಬ ವಂಶವಾಹಿಯ ಒಂದು ರೂಪಾಂತರವಿರುವ ಯೀಸ್ಟಿಗೆ ಈ ಸಡಿಲಿಕೆ ಸಾಧ್ಯವಾಗುವುದಿಲ್ಲ. ಅದು ಮೊಗ್ಗು ಹೊತ್ತು ನಿಂತಲ್ಲಿಯೇ ನಿಂತಿರುತ್ತದೆ.