ಒಂದು ಹೊಲಿಗೆ, ಎರಡು ಸೆಂಟಿಮೀಟರ್: ಸ್ಕೀ ಜಂಪಿಂಗ್ ಉಡುಪಿನ ವಿವಾದ ಬೆಳೆದು ಬಂದ ಬಗೆ

ಕಾಲಿಗೆ ಉದ್ದನೆಯ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು, ಹಿಮದ ಇಳಿಜಾರಿನಲ್ಲಿ ಜಾರಿ ಬಂದು ಆದಷ್ಟು ದೂರ ಹಾರುವ ಆಟ ಸ್ಕೀ ಜಂಪಿಂಗ್. 2025ರ ಜನವರಿ 6ರಂದು ಆಸ್ಟ್ರಿಯಾದ ಬಿಷಪ್ಸ್‌ಹೋಫೆನ್‌ನಲ್ಲಿ ಸ್ಕೀ ಜಂಪಿಂಗ್‌ನ ‘ನಾಲ್ಕು ಬೆಟ್ಟಗಳ’ ಸರಣಿ ಮುಗಿದಾಗ, ಗೆದ್ದ ಡಾನಿಯಲ್ ಚೊಫೆನಿಗ್‌ಗೂ ಎರಡನೆಯ ಸ್ಥಾನದ ಯಾನ್ ಹೋರ್ಲ್‌ಗೂ ನಡುವೆ ಉಳಿದದ್ದು 1.4 ಅಂಕ. ಓಬರ್ಸ್ಟ್‌ಡೋರ್ಫ್, ಗಾರ್ಮಿಶ್, ಇನ್ಸ್‌ಬ್ರುಕ್, ಬಿಷಪ್ಸ್‌ಹೋಫೆನ್ ಎಂಬ ನಾಲ್ಕು ಊರು, ಊರಿಗೆ ಎರಡೆರಡು ಜಿಗಿತ. ಇಬ್ಬರೂ ಒಟ್ಟಾರೆ ಸಾವಿರ ಮೀಟರಿಗಿಂತ ಹೆಚ್ಚು ದೂರವನ್ನು ಗಾಳಿಯಲ್ಲೇ ದಾಟಿದ್ದರು. ಇಂತಹ ದೊಡ್ಡ ಜಿಗಿತದ ಬೆಟ್ಟಗಳಲ್ಲಿ ಪ್ರತಿ ಮೀಟರಿಗೆ 1.8 ಅಂಕ. ಲೆಕ್ಕ ಹಾಕಿದರೆ ಎಂಟು ಜಿಗಿತಗಳ ಕೊನೆಗೆ ಗೆಲುವನ್ನೂ ಸೋಲನ್ನೂ ಬೇರ್ಪಡಿಸಿದ್ದು ಎಂಬತ್ತು ಸೆಂಟಿಮೀಟರಿಗೂ ಕಡಿಮೆ ದೂರ.

ಈ ಲೆಕ್ಕ ಗೊತ್ತಿದ್ದರೆ ಅದೇ ಋತುವಿನ ಮಾರ್ಚ್ ತಿಂಗಳಲ್ಲಿ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ನಡೆದದ್ದು ಏಕೆ ಅಷ್ಟು ದೊಡ್ಡ ಆಘಾತವಾಯಿತು ಎಂಬುದು ತಿಳಿಯುತ್ತದೆ. ವಿಶ್ವ ಚಾಂಪಿಯನ್‌ಷಿಪ್, ಅದೂ ನಾರ್ವೆಯ ಸ್ವಂತ ನೆಲದಲ್ಲಿ. ಮಾರ್ಚ್ 8ರ ದೊಡ್ಡ ಬೆಟ್ಟದ ಸ್ಪರ್ಧೆಗೆ ಮುನ್ನ ಒಂದು ವಿಡಿಯೊ ಹೊರಬಂತು. ಪರದೆಯ ಹಿಂದಿನಿಂದ ಯಾರೋ ಗುಟ್ಟಾಗಿ ತೆಗೆದದ್ದು. ಅದರಲ್ಲಿ ನಾರ್ವೆ ತಂಡದ ಸಿಬ್ಬಂದಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು, ಮುಖ್ಯ ತರಬೇತುದಾರ ಮಾಗ್ನುಸ್ ಬ್ರೆವಿಗ್ ಪಕ್ಕದಲ್ಲೇ ಇದ್ದರು. ಆಸ್ಟ್ರಿಯಾ, ಸ್ಲೊವೇನಿಯಾ, ಪೋಲೆಂಡ್ ತಕರಾರು ಎತ್ತಿದವು. ಸ್ಪರ್ಧೆ ಮುಗಿದ ಮೇಲೆ ಉಡುಪುಗಳ ಹೊಲಿಗೆ ಬಿಚ್ಚಿ ನೋಡಿದಾಗ ಕಾಲುಗಳು ಕೂಡುವ ಜಾಗದಲ್ಲಿ ಬಿಗಿಯಾದ, ಬಗ್ಗದ ದಾರವೊಂದು ಸಿಕ್ಕಿತು. ಎರಡನೆಯ ಸ್ಥಾನದಲ್ಲಿದ್ದ ಮಾರಿಯುಸ್ ಲಿಂಡ್ವಿಕ್ ಅನರ್ಹನಾದ, ಯೋಹಾನ್ ಆಂದ್ರೆ ಫೋರ್‌ಫಾಂಗ್ ಕೂಡ. ಚಿನ್ನ ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್‌ಗೆ, ಬೆಳ್ಳಿ ಹೋರ್ಲ್‌ಗೆ, ಕಂಚು ಜಪಾನಿನ ರ್‍ಯೋಯು ಕೊಬಯಾಶಿಗೆ.

ಆ ವಿಡಿಯೊ ಕಾಸರಗೋಡಿಗೂ ತಲುಪಿತು. ಬದಿಯಡ್ಕದಲ್ಲಿ ನಾನು ಅಂಗಿ ಹೊಲಿಸುವ ಟೈಲರ್ ಅದನ್ನು ಮೊಬೈಲಿನಲ್ಲಿ ತೋರಿಸಿದರು. ಅವರ ಮಗಳು ಜರ್ಮನಿಯಲ್ಲಿ ನರ್ಸ್. ಹೊಸ ವರ್ಷದ ಹೊತ್ತಿಗೆ ಅಲ್ಲಿಯ ಟಿ.ವಿ.ಯಲ್ಲಿ ಈ ಜಿಗಿತವೇ ಜಿಗಿತ. ಮಗಳು ಕಳಿಸುವ ತುಣುಕುಗಳನ್ನು ಅಪ್ಪ ನಾಲ್ಕು ಜನರಿಗೆ ತೋರಿಸುತ್ತಾರೆ, ಯುರೋಪಿನ ಸಂಜೆಯ ಸ್ಪರ್ಧೆ ನಮ್ಮ ರಾತ್ರಿಯೂಟದ ಹೊತ್ತಿಗೆ ಬರುವುದರಿಂದ ಈಗ ನೇರಪ್ರಸಾರವನ್ನೂ ನೋಡುವುದಿದೆ. “ಮಾಷ್ಟ್ರೇ, ಬಟ್ಟೆ ಅದೇ, ಅಳತೆಯೂ ಅದೇ. ಒಂದು ಗಟ್ಟಿ ನೂಲು ಸೇರಿಸಿ ಇವರಿಗೆ ಸಿಕ್ಕಿದ್ದೇನು?” ಎಂದು ಕೇಳಿದರು. ವಿವಾದದ ತಿರುಳೇ ಆ ಪ್ರಶ್ನೆಯಲ್ಲಿದೆ.

ಅಂಗಿಯ ಕಾಲರ್ ಮಡಚಿ ಬೀಳದಂತೆ ಟೈಲರ್‌ಗಳು ಒಳಗೆ ಕ್ಯಾನ್ವಾಸ್ ಇಡುತ್ತಾರಲ್ಲ, ಆ ದಾರ ಮಾಡುವುದು ಅದೇ ಕೆಲಸ. ಜಿಗಿಯುವವನು ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಇಳಿಜಾರಿನ ಅಂಚನ್ನು ಬಿಡುತ್ತಾನೆ. ಆ ಅಂಚು ಮೇಲಕ್ಕೆ ಚಿಮ್ಮಿಸುವ ಹಲಗೆಯಲ್ಲ, ಅದು ಕೂಡ ಕೆಳಮುಖವಾಗಿಯೇ ಬಾಗಿರುತ್ತದೆ. ಮುಂದಿನ ಐದಾರು ಸೆಕೆಂಡು ನೆಲದಿಂದ ಕೆಲವೇ ಮೀಟರ್ ಮೇಲೆ, ಬೆಟ್ಟದ ಇಳಿಜಾರಿಗೆ ಹೊಂದಿಕೊಂಡು ದೇಹ ತೇಲಬೇಕು. ತೇಲಿಸುವುದು ಕೆಳಗಿನಿಂದ ಒತ್ತುವ ಗಾಳಿ. ಗಾಳಿಗೆ ಸಿಗುವ ವಿಸ್ತಾರ ಹೆಚ್ಚಿದಷ್ಟೂ ಹಾರಾಟ ಉದ್ದವಾಗುತ್ತದೆ. ಕಾಲುಗಳ ನಡುವಿನ ಬಟ್ಟೆ ಕೆಳಗೆ ಜೋತು ಬಿಗಿಯಾಗಿ ನಿಂತರೆ ಅದೊಂದು ಪುಟ್ಟ ಹಾಯಿ. ಜೋಲು ಬಟ್ಟೆ ಪಟಪಟ ಹೊಡೆದುಕೊಳ್ಳುತ್ತದೆ, ಬಿಗಿಯಾಗಿ ನಿಂತ ಬಟ್ಟೆ ಗಾಳಿಯನ್ನು ಹಿಡಿಯುತ್ತದೆ. ಎಂಬತ್ತು ಸೆಂಟಿಮೀಟರಿನಲ್ಲಿ ಪ್ರಶಸ್ತಿ ಕೈಬದಲಾಗುವ ಆಟದಲ್ಲಿ ಇದು ಸಣ್ಣ ಲಾಭವಲ್ಲ.

ಬಟ್ಟೆಗೆ ಈ ಮಹತ್ವ ಮೊದಲಿನಿಂದಲೂ ಇರಲಿಲ್ಲ. 1862ರಲ್ಲಿ ನಾರ್ವೆಯ ತ್ರಿಸಿಲ್‌ನಲ್ಲಿ ನಡೆದದ್ದು ದಾಖಲೆಯಲ್ಲಿರುವ ಮೊದಲ ಸ್ಪರ್ಧೆಗಳಲ್ಲೊಂದು. ಆಗಿನವರು ಸ್ವೆಟರ್, ಚಲ್ಲಣಗಳಲ್ಲೇ ಜಿಗಿದರು. 1936ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ಸೆಪ್ ಬ್ರಾಡ್ಲ್ 101 ಮೀಟರ್ ಹಾರಿ ನೂರರ ಗಡಿ ದಾಟಿದ. ಆಗೆಲ್ಲ ತೀರ್ಪುಗಾರರು ನೋಡುತ್ತಿದ್ದದ್ದು ಭಂಗಿಯನ್ನು. ಇಂದಿಗೂ ಐವರು ತೀರ್ಪುಗಾರರು ತಲಾ 20 ಅಂಕದವರೆಗೆ ಕೊಡುತ್ತಾರೆ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಚಳಿಗಾಲದುದ್ದಕ್ಕೂ ಊರೂರು ಸುತ್ತಿ ಅಂಕ ಕೂಡಿಸುವ ವಿಶ್ವಕಪ್ ಶುರುವಾದದ್ದು 1979ರ ಡಿಸೆಂಬರ್‌ನಲ್ಲಿ. ಮೊದಲ ಋತುವಿನ ಒಟ್ಟಾರೆ ವಿಜೇತ ಆಸ್ಟ್ರಿಯಾದ ಹುಬರ್ಟ್ ನೊಯ್ಪರ್.

ತಿರುವು ಬಂದದ್ದು ಸ್ವೀಡನ್ನಿನ ಯಾನ್ ಬೊಕ್ಲೋವ್‌ನಿಂದ. ಅಲ್ಲಿಯವರೆಗೆ ಎರಡೂ ಸ್ಕೀಗಳನ್ನು ಜೋಡಿಸಿ ಸಮಾನಾಂತರವಾಗಿ ಹಿಡಿಯುವುದೇ ಶಾಸ್ತ್ರ. ಬೊಕ್ಲೋವ್ ಎಂಬತ್ತರ ದಶಕದ ಮಧ್ಯದಲ್ಲಿ ತುದಿಗಳನ್ನು ಅಗಲಿಸಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಹಾರತೊಡಗಿದ. ನೋಡಲು ಕುರೂಪ ಎಂದು ತೀರ್ಪುಗಾರರು ಅಂಕ ಕತ್ತರಿಸಿದರು. ಕತ್ತರಿಸಿಯೂ ಅವನನ್ನು ತಡೆಯಲಾಗಲಿಲ್ಲ, ಅಷ್ಟು ದೂರ ಹಾರುತ್ತಿದ್ದ. 1988–89ರ ವಿಶ್ವಕಪ್ ಅವನದಾಯಿತು. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್ ಹೊತ್ತಿಗೆ ದೊಡ್ಡ ಬೆಟ್ಟದ ಚಿನ್ನ ಗೆದ್ದ ಹದಿನಾರರ ಹುಡುಗ, ಫಿನ್ಲೆಂಡಿನ ಟೋನಿ ನಿಯೆಮಿನೆನ್ ‘ವಿ’ ಭಂಗಿಯಲ್ಲೇ ಹಾರಿದ್ದ. ಎರಡು ವರ್ಷದಲ್ಲಿ ಅವನೇ ಪ್ಲಾನಿತ್ಸಾದಲ್ಲಿ 203 ಮೀಟರ್ ಹಾರಿದ. ಬೊಕ್ಲೋವ್‌ನ ಕಥೆಯನ್ನು ನಾನು ಇಷ್ಟು ಪ್ರೀತಿಯಿಂದ ಹೇಳಲು ಕಾರಣವಿದೆ: ಅವನು ಎಲ್ಲರ ಕಣ್ಣೆದುರು ಹೊಸದನ್ನು ಮಾಡಿದ, ಅದಕ್ಕೆ ತೆರಬೇಕಾದ ಅಂಕಗಳನ್ನೂ ತೆತ್ತ. ಟ್ರೋಂಡ್‌ಹೈಮ್‌ನ ದಾರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

‘ವಿ’ ಭಂಗಿಯಲ್ಲಿ ದೇಹ ಸ್ಕೀಗಳ ನಡುವೆ ಚಪ್ಪಟೆಯಾಗಿ ಚಾಚಿಕೊಳ್ಳುತ್ತದೆ, ಮೈಯೇ ರೆಕ್ಕೆಯಾಗುತ್ತದೆ. ರೆಕ್ಕೆಯನ್ನು ಹಿಗ್ಗಿಸುವ ದಾರಿ ಎರಡು. ಒಂದು, ಉಡುಪನ್ನು ಸಡಿಲಿಸುವುದು. ತೊಂಬತ್ತರ ದಶಕದ ಚಿತ್ರಗಳನ್ನು ನೋಡಿದರೆ ಜಿಗಿಯುವವರು ಎರಡು ಅಳತೆ ದೊಡ್ಡ ಉಡುಪಿನೊಳಗೆ ಇಳಿದಂತೆ ಕಾಣುತ್ತಾರೆ. ಇನ್ನೊಂದು, ಅದೇ ವಿಸ್ತಾರಕ್ಕೆ ಭಾರವನ್ನು ತಗ್ಗಿಸುವುದು. ಈ ಎರಡನೆಯ ದಾರಿ ಅಪಾಯದ್ದು. ಹುಡುಗರು ಹಸಿದು ತೂಕ ಇಳಿಸತೊಡಗಿದರು. 2001–02ರಲ್ಲಿ ನಾಲ್ಕು ಬೆಟ್ಟಗಳ ಸರಣಿಯ ನಾಲ್ಕೂ ಸ್ಪರ್ಧೆಗಳನ್ನು ಗೆದ್ದ ಮೊದಲಿಗ ಜರ್ಮನಿಯ ಸ್ವೆನ್ ಹನ್ನವಾಲ್ಡ್. ಅವನ ಕೃಶ ದೇಹವೇ ದೊಡ್ಡ ಚರ್ಚೆಯಾಗಿತ್ತು. 2004ರಲ್ಲಿ ತೀವ್ರ ಬಳಲಿಕೆಗೆ ಚಿಕಿತ್ಸೆ ಪಡೆದ ಅವನು ಮರುವರ್ಷ ಆಟದಿಂದಲೇ ನಿವೃತ್ತನಾದ.

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2004–05ರ ಋತುವಿನಿಂದ ಎತ್ತರಕ್ಕೆ ತಕ್ಕ ತೂಕದ ನಿಯಮ ತಂದಿತು. ತೂಕ ನಿಗದಿಗಿಂತ ಕಡಿಮೆಯಿದ್ದರೆ ಗಿಡ್ಡ ಸ್ಕೀ ಬಳಸಬೇಕು, ಹಾಗಾಗಿ ಹಸಿವಿನಿಂದ ಸಿಕ್ಕ ಲಾಭ ಸ್ಕೀಯಲ್ಲಿ ಕಳೆದುಹೋಗುತ್ತದೆ. ಈ ಆಟದ ನಿಯಮಗಳಲ್ಲಿ ಇದಕ್ಕಿಂತ ವಿವೇಕದ್ದು ನನಗೆ ಕಂಡಿಲ್ಲ. ಹಸಿಯಬೇಡ ಎಂದು ಉಪದೇಶಿಸಲಿಲ್ಲ, ಹಸಿದರೆ ಪ್ರಯೋಜನವಿಲ್ಲದಂತೆ ಮಾಡಿತು.

ಆದರೆ ತೂಕದ ಬಾಗಿಲು ಮುಚ್ಚಿದಾಗ ಒತ್ತಡವೆಲ್ಲ ಬಟ್ಟೆಯ ಮೇಲೆ ಬಿತ್ತು. ಬಟ್ಟೆಗೂ ನಿಯಮಗಳಿವೆ. ಒಂದು ಚದರ ಮೀಟರ್ ಬಟ್ಟೆಯ ಮೂಲಕ ಸೆಕೆಂಡಿಗೆ ಕನಿಷ್ಠ 40 ಲೀಟರ್ ಗಾಳಿ ಹಾದುಹೋಗಬೇಕು. ದಪ್ಪಕ್ಕೆ ಮಿತಿ, ಮೈಗೂ ಉಡುಪಿಗೂ ನಡುವಿನ ಸಡಿಲಿಕೆಗೆ ಮಿತಿ. 2012ರ ಬೇಸಿಗೆಯಲ್ಲಿ ಆ ಸಡಿಲಿಕೆಯನ್ನು ಪೂರ್ತಿ ತೆಗೆದು ಮೈಗಂಟಿದ ಉಡುಪು ತೊಡಿಸಿ ನೋಡಿದರು, ಚಳಿಗಾಲಕ್ಕೆ ಎರಡು ಸೆಂಟಿಮೀಟರ್ ಬಿಟ್ಟುಕೊಟ್ಟರು. ಅಂದಿನಿಂದ ಜಗಳವೆಲ್ಲ ಸೆಂಟಿಮೀಟರುಗಳದ್ದು. ತಂಡಗಳೊಂದಿಗೆ ಹೊಲಿಗೆ ಯಂತ್ರವೂ ಊರೂರು ತಿರುಗತೊಡಗಿತು.

ಇದರ ಹೊಡೆತ ಅತ್ಯಂತ ಕ್ರೂರವಾಗಿ ಬಿದ್ದದ್ದು ಹೆಣ್ಣುಮಕ್ಕಳ ಮೇಲೆ. ಅವರಿಗೆ ಒಲಿಂಪಿಕ್ಸ್ ಪ್ರವೇಶವೇ ಬಹಳ ತಡವಾಗಿ ಸಿಕ್ಕಿತು. ಈ ಆಟ ವೈದ್ಯಕೀಯ ದೃಷ್ಟಿಯಿಂದ ಹೆಂಗಸರಿಗೆ ತಕ್ಕದ್ದಲ್ಲವೆಂಬ ಮಾತನ್ನು 2005ರಲ್ಲೂ ಒಕ್ಕೂಟದ ಅಧ್ಯಕ್ಷ ಜಾನ್ ಫ್ರಾಂಕೊ ಕಾಸ್ಪರ್ ಆಡಿದ್ದರು. 2010ರ ವ್ಯಾಂಕೂವರ್ ಕೂಟದಲ್ಲಿ ಅವಕಾಶ ಕೇಳಿ ಮಹಿಳಾ ಜಿಗಿತಗಾರ್ತಿಯರು ಕೆನಡಾದ ನ್ಯಾಯಾಲಯಕ್ಕೆ ಹೋದರು. ಇದು ತಾರತಮ್ಯವೇ ಎಂದು 2009ರಲ್ಲಿ ನ್ಯಾಯಾಧೀಶೆ ಒಪ್ಪಿದರು, ಆದರೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಆಜ್ಞೆ ಮಾಡಲು ತಮಗೆ ಅಧಿಕಾರವಿಲ್ಲ ಎಂದರು. ಬಾಗಿಲು ತೆರೆದದ್ದು 2014ರ ಸೋಚಿಯಲ್ಲಿ, ಮೊದಲ ಚಿನ್ನ ಜರ್ಮನಿಯ ಕರೀನಾ ಫೋಗ್ಟ್‌ಗೆ.

ಹೆಣ್ಣು ಗಂಡು ಒಂದೇ ತಂಡದಲ್ಲಿ ಹಾರುವ ಮಿಶ್ರ ಸ್ಪರ್ಧೆ ಒಲಿಂಪಿಕ್ಸ್‌ಗೆ ಮೊದಲ ಬಾರಿ ಬಂದದ್ದು 2022ರ ಬೀಜಿಂಗ್‌ನಲ್ಲಿ. ಫೆಬ್ರುವರಿ 7ರ ಆ ರಾತ್ರಿ ಉಡುಪಿನ ಕಾರಣಕ್ಕೆ ಐವರು ಅನರ್ಹರಾದರು, ಐವರೂ ಮಹಿಳೆಯರು: ಜಪಾನಿನ ಸಾರಾ ತಕನಾಶಿ, ಆಸ್ಟ್ರಿಯಾದ ಡಾನಿಯೆಲಾ ಇರಾಷ್ಕೊ-ಸ್ಟೋಲ್ಟ್ಸ್, ಜರ್ಮನಿಯ ಕಥರೀನಾ ಆಲ್ತ್‌ಹೌಸ್, ನಾರ್ವೆಯ ಆನಾ ಓಡಿನೆ ಸ್ಟ್ರೋಮ್ ಮತ್ತು ಸಿಲ್ಯೆ ಓಪ್‌ಸೆತ್. ಆಲ್ತ್‌ಹೌಸ್ ಎರಡೇ ದಿನ ಹಿಂದೆ ವೈಯಕ್ತಿಕ ಬೆಳ್ಳಿ ಗೆದ್ದಿದ್ದಳು. ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಬಾರಿ ಗೆದ್ದಿರುವ ತಕನಾಶಿ ಅಳುತ್ತಲೇ ಎರಡನೆಯ ಜಿಗಿತ ಮುಗಿಸಿದಳು, ಮರುದಿನ ತನ್ನ ದೇಶದ ಕ್ಷಮೆ ಕೇಳಿದಳು. ಅಳತೆ ತೆಗೆಯುವ ಕ್ರಮವೇ ಆ ದಿನ ಎಂದಿನಂತಿರಲಿಲ್ಲ, ನಿಲ್ಲಿಸಿದ ಭಂಗಿ ಬೇರೆಯಿತ್ತು ಎಂದು ಆಟಗಾರ್ತಿಯರು ದೂರಿದರು.

ನಮ್ಮ ಟೈಲರ್‌ಗೆ ಈ ದೂರು ವಿವರಿಸುವ ಅಗತ್ಯವೇ ಬೀಳಲಿಲ್ಲ. ಕೈ ಇಳಿಬಿಟ್ಟು ನಿಂತರೆ ಒಂದು ಅಳತೆ, ಕೈ ಎತ್ತಿದರೆ ಇನ್ನೊಂದು. ಕಾಲು ಅಗಲಿಸಿದರೆ ತೊಡೆಯ ಸುತ್ತಳತೆ ಬದಲಾಗುತ್ತದೆ. ಟೇಪು ಹಿಡಿದವನ ಬೆರಳು ಒಳಗಿದೆಯೋ ಹೊರಗಿದೆಯೋ ಎಂಬುದರ ಮೇಲೆ ಅರ್ಧ ಇಂಚು ಹೆಚ್ಚುಕಡಿಮೆ. ನಲವತ್ತು ವರ್ಷ ಟೇಪು ಹಿಡಿದ ಕೈ ಹೇಳುವ ಮಾತಿದು. ನಿಯಮ ಎಷ್ಟೇ ಖಚಿತವಾಗಿರಲಿ, ಅಳೆಯುವ ಕ್ರಮ ಎಲ್ಲ ಕಡೆ, ಎಲ್ಲರಿಗೂ ಒಂದೇ ಆಗಿರದಿದ್ದರೆ ಆಟಗಾರ್ತಿಗೆ ನ್ಯಾಯ ಸಿಗುವುದಿಲ್ಲ.

ಟ್ರೋಂಡ್‌ಹೈಮ್‌ನ ಸಮಸ್ಯೆ ಇದಕ್ಕೆ ತದ್ವಿರುದ್ಧದ್ದು. ಅಲ್ಲಿ ಅಳತೆ ಸರಿಯಾಗಿಯೇ ಆಗಿತ್ತು, ಉಡುಪಿಗೆ ಒಪ್ಪಿಗೆಯ ಗುರುತಾದ ಒಕ್ಕೂಟದ ಚಿಪ್ ಕೂಡ ಬಿದ್ದಿತ್ತು. ಒಪ್ಪಿಗೆಯ ನಂತರ ಹೊಲಿಗೆ ಬಿಚ್ಚಿ ದಾರ ಸೇರಿಸಲಾಯಿತು. ಬ್ರೆವಿಗ್ ಮತ್ತು ಉಡುಪಿನ ಹೊಣೆ ಹೊತ್ತಿದ್ದ ಆದ್ರಿಯಾನ್ ಲಿವೆಲ್ತೆನ್ ತಪ್ಪೊಪ್ಪಿಕೊಂಡರು. ತಮಗೆ ಗೊತ್ತಿರಲಿಲ್ಲ ಎಂದರು ಲಿಂಡ್ವಿಕ್ ಮತ್ತು ಫೋರ್‌ಫಾಂಗ್. ಇಬ್ಬರೂ 2025ರ ಆಗಸ್ಟ್‌ನಲ್ಲಿ ಮೂರು ತಿಂಗಳ ಅಮಾನತಿಗೆ ಒಪ್ಪಿದರು. ತರಬೇತುದಾರರಿಗೂ ಸಿಬ್ಬಂದಿಗೂ 2026ರ ಜನವರಿಯಲ್ಲಿ 18 ತಿಂಗಳ ನಿಷೇಧ ಬಂತು. ಚಳಿಗಾಲದ ಆಟಗಾರರಿಗೆ ಆಗಸ್ಟ್‌ನಿಂದ ಮೂರು ತಿಂಗಳೆಂದರೆ ಹೆಚ್ಚಿನ ನಷ್ಟವೇನಿಲ್ಲ. ಮೈಮೇಲೆ ತೊಟ್ಟವರ ಹೊಣೆ ಇನ್ನಷ್ಟು ತೂಗಬೇಕಿತ್ತು ಎಂದೇ ನನ್ನ ಅನಿಸಿಕೆ.

2025–26ರ ಋತುವಿಗೆ ಹೊಸ ಕಟ್ಟಳೆ ಬಂದಿದೆ. ಉಡುಪಿನ ತಪ್ಪಿಗೆ ಮೊದಲ ಬಾರಿ ಅನರ್ಹತೆಯ ಜತೆ ಹಳದಿ ಕಾರ್ಡು, ಎರಡನೆಯ ಬಾರಿ ಕೆಂಪು ಕಾರ್ಡು, ಕೆಂಪು ಬಿದ್ದರೆ ಮುಂದಿನ ಸ್ಪರ್ಧೆಗಳಿಂದಲೂ ಹೊರಗೆ. ದೇಹದ ಅಳತೆಯನ್ನು ಟೇಪಿನ ಬದಲು ಮೂರು ಆಯಾಮದ ಸ್ಕ್ಯಾನರ್ ತೆಗೆಯುತ್ತದೆ. ಬೀಜಿಂಗ್‌ನ ದೂರಿಗೆ ಸ್ಕ್ಯಾನರ್ ಒಂದು ಉತ್ತರ. ಆದರೆ ಅಳತೆಯಾದ ಮೇಲೆ ಸೂಜಿ ಹಿಡಿಯುವವನನ್ನು ಅದು ತಡೆಯಲಾರದು.

ತಡೆಯುವ ಉಪಾಯವನ್ನು ಒಕ್ಕೂಟ ಒಮ್ಮೆ ಮಾಡಿ ತೋರಿಸಿದೆ. ಟ್ರೋಂಡ್‌ಹೈಮ್ ಆದ ಕೂಡಲೇ, ಆ ಋತುವಿನ ಉಳಿದ ಸ್ಪರ್ಧೆಗಳಿಗೆ ಆಟಗಾರನಿಗೆ ಒಂದೇ ಉಡುಪು, ಅದೂ ಒಕ್ಕೂಟದ ವಶದಲ್ಲಿ, ಸ್ಪರ್ಧೆಗೆ ಸ್ವಲ್ಪ ಮೊದಲಷ್ಟೇ ಕೈಗೆ ಎಂದು ಕಟ್ಟುನಿಟ್ಟು ಮಾಡಿತು. ಖರ್ಚಿನ, ತೊಂದರೆಯ ಕೆಲಸ ಎಂಬ ಮಾತು ಬರಬಹುದು. ಹಾರಾಟ ಕುಗ್ಗೀತು ಎಂಬ ಭಯಕ್ಕಂತೂ ಆಧಾರವಿಲ್ಲ. ಆ ಮೂರು ವಾರಗಳಲ್ಲೇ, ಮಾರ್ಚ್ 14ರಂದು ವಿಕರ್ಸುಂಡ್‌ನಲ್ಲಿ ನಿಕಾ ಪ್ರೆವ್ಟ್ಸ್ 236 ಮೀಟರ್ ಹಾರಿ ಮಹಿಳೆಯರ ವಿಶ್ವದಾಖಲೆ ಬರೆದಳು. ಮಾರ್ಚ್ 30ರಂದು ಪ್ಲಾನಿತ್ಸಾದಲ್ಲಿ ಅವಳ ಅಣ್ಣ ಡೊಮೆನ್ 254.5 ಮೀಟರ್ ಹಾರಿ, ಎಂಟು ವರ್ಷದಿಂದ ಸ್ಟೆಫಾನ್ ಕ್ರಾಫ್ಟ್ ಹೆಸರಿನಲ್ಲಿದ್ದ ಪುರುಷರ ದಾಖಲೆಯನ್ನು ಒಂದು ಮೀಟರಿನಿಂದ ಮುರಿದ.